ಗಂಟು ಕಾಣದ ಕಸಿ

ಉಡುಪಿ ಜಿಲ್ಲೆಯ ಇನ್ನಂಜೆ, ಶಂಕರಪುರದ ಕಡೆ ಹಿತ್ತಿಲಲ್ಲಿ ಕಸಿ ಮಾವು ನೆಟ್ಟವರಿಗೆಲ್ಲ ಗೊತ್ತಿರುವ ಎಚ್ಚರಿಕೆಯೊಂದಿದೆ: ಕಸಿ ಕಟ್ಟಿದ ಗಂಟಿನ ಕೆಳಗೆ ಚಿಗುರೊಡೆದರೆ ಚಿವುಟಿಬಿಡಬೇಕು. ಅದು ಕಾಟುಮಾವಿನ ಚಿಗುರು. ಬಿಟ್ಟರೆ ಮೇಲಿನ ಒಳ್ಳೆಯ ಜಾತಿ ಸೊರಗುತ್ತದೆ. ವೈದ್ಯರೂ ಅದೇ ಪದವನ್ನು ಎತ್ತಿಕೊಂಡು ‘ಅಸ್ಥಿಮಜ್ಜೆ ಕಸಿ’ ಎಂದರು. ಆದರೆ ಇಲ್ಲಿ ನೋಡಲು ಗಂಟೇ ಇಲ್ಲ. ದಾನಿಯ ಆಕರಕೋಶಗಳನ್ನು ರಕ್ತ ಕೊಟ್ಟ ಹಾಗೆ ರಕ್ತನಾಳಕ್ಕೆ ಏರಿಸುತ್ತಾರೆ. ಅವು ತಾವೇ ದಾರಿ ಹಿಡಿದು ಮೂಳೆಯೊಳಗೆ ಸೇರಿಕೊಳ್ಳುತ್ತವೆ. ಎರಡು ಮೂರು ವಾರಗಳಲ್ಲಿ ಬಿಳಿ ರಕ್ತಕಣಗಳ ಲೆಕ್ಕ ಏರತೊಡಗುತ್ತದೆ. ಆ ಕಣಗಳು ಯಾರವು? ದಾನಿಯವೋ, ಕಸಿಗೆ ಮುಂಚಿನ ಕೀಮೋಥೆರಪಿಗೂ ಸಾಯದೆ ಉಳಿದ ರೋಗಿಯವೋ? ಸೂಕ್ಷ್ಮದರ್ಶಕದ ಕಣ್ಣಿಗೆ ಎರಡೂ ಒಂದೇ.

ಈ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿದ್ದು 1956ರಲ್ಲಿ, ಇಂಗ್ಲೆಂಡಿನ ಹಾರ್ವೆಲ್‌ನ ಇಲಿಗಳಿಂದ. ವಿಕಿರಣ ತಾಗಿದ ಇಲಿಗಳ ಜೀವವನ್ನು ಮಜ್ಜೆಯಲ್ಲಿನ ಯಾವುದೋ ರಸ ಉಳಿಸುತ್ತದೆಯೇ, ಇಲ್ಲ ಕೋಶಗಳೇ ಹೊಸ ದೇಹದಲ್ಲಿ ಬೇರೂರುತ್ತವೆಯೇ ಎಂಬ ವಾದ ಆಗ ಜೋರಾಗಿತ್ತು. ಚಾರ್ಲ್ಸ್ ಫೋರ್ಡ್ ಮತ್ತು ಸಂಗಡಿಗರು, ಆಕಾರದಿಂದಲೇ ಗುರುತು ಹಿಡಿಯಬಹುದಾದ ವರ್ಣತಂತುವಿದ್ದ ಇಲಿಯ ಕೋಶಗಳನ್ನು ವಿಕಿರಣಕ್ಕೆ ಒಡ್ಡಿದ ಇಲಿಗಳಿಗೆ ಕೊಟ್ಟರು. ಬದುಕಿದ ಇಲಿಗಳ ಮಜ್ಜೆಯಲ್ಲಿ ಆ ಗುರುತಿನ ವರ್ಣತಂತು ಕಂಡಿತು. ಬೇರೂರಿದ್ದು ಕೋಶಗಳೇ.

ಹೀಗೆ ಎರಡು ದೇಹಗಳ ಕೋಶಗಳು ಸೇರಿದ ಜೀವಿಗೆ ವಿಜ್ಞಾನಿಗಳು ಕೊಟ್ಟ ಹೆಸರು ಕೈಮೆರಾ: ಗ್ರೀಕರ ಪುರಾಣದ, ಸಿಂಹ, ಆಡು, ಸರ್ಪಗಳು ಸೇರಿದ ಮೃಗ. ನಮ್ಮವರಿಗೆ ಅಷ್ಟು ದೂರ ಹೋಗಬೇಕಿಲ್ಲ. ಕಾರ್ಕಳದಿಂದ ಹೆಚ್ಚು ದೂರವಿಲ್ಲದ ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ಮರದಲ್ಲಿ ಕೆತ್ತಿದ ನವನಾರೀಕುಂಜರವಿದೆ. ದೂರಕ್ಕೆ ಅದು ಆನೆ. ಹತ್ತಿರ ಹೋದರೆ ಒಂಬತ್ತು ಹೆಂಗಸರು. ಕಸಿಯಾದವರ ರಕ್ತವನ್ನು ನೋಡಬೇಕಾದದ್ದೂ ಹಾಗೆ ಹತ್ತಿರದಿಂದಲೇ.

ಮನುಷ್ಯರಲ್ಲಿ ಈ ಚಿಕಿತ್ಸೆಯನ್ನು 1957ರಿಂದ ಪಟ್ಟು ಹಿಡಿದು ಬೆಳೆಸಿದ ಡೊನಾಲ್ ಥಾಮಸ್‌ಗೆ 1990ರಲ್ಲಿ ನೊಬೆಲ್ ಬಂತು. ಅವರ ಬಳಿ ಕಲಿತು ಬಂದ ಡಾ. ಸುರೇಶ್ ಆಡ್ವಾಣಿ, 1983ರ ಮಾರ್ಚ್‌ನಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ, ರಕ್ತಕ್ಯಾನ್ಸರಿನ 9 ವರ್ಷದ ಬಾಲಕಿಗೆ ಅವಳ ಸಹೋದರನ ಮಜ್ಜೆ ಕೊಟ್ಟರು. ಬಾಲ್ಯದ ಪೋಲಿಯೊದಿಂದ ಗಾಲಿಕುರ್ಚಿ ಹಿಡಿದಿದ್ದ ವೈದ್ಯರ ಆ ಕೆಲಸ ಭಾರತದ ಮೊದಲ ಯಶಸ್ವಿ ಅಸ್ಥಿಮಜ್ಜೆ ಕಸಿಯಾಯಿತು. ಕಾಪು, ಉಡುಪಿ ಕಡೆಯವರಿಗೆ ಮುಂಬಯಿ ಪರವೂರಲ್ಲ, ನಿಜ. ಆದರೆ ಇಂದು ಇನ್ನಂಜೆಯಲ್ಲೂ ನಿಲ್ದಾಣವಿರುವ ಕೊಂಕಣ ರೈಲು ಉದ್ದಕ್ಕೂ ಓಡಿದ್ದು 1998ರಲ್ಲಿ. ಅದಕ್ಕೆ ಮುಂಚೆ ಕಾಯಿಲೆಯ ಮಗುವನ್ನು ಮಡಿಲಲ್ಲಿಟ್ಟುಕೊಂಡು ಹೆಚ್ಚಿನವರು ಬಸ್ಸಿನಲ್ಲೇ ಅಷ್ಟು ದಾರಿ ಸವೆಸಬೇಕಿತ್ತು.

ಆ ಕಾಲದ ಪರೀಕ್ಷೆಗಳೂ ಒರಟಾಗಿದ್ದವು. ರೋಗಿಯ ಮತ್ತು ದಾನಿಯ ರಕ್ತದ ಗುಂಪು ಬೇರೆಯಾದರೆ, ಗುಂಪು ಬದಲಾಗುವುದನ್ನು ನೋಡಬಹುದಿತ್ತು. ನಡುವೆ ರಕ್ತ ಏರಿಸಿದರೆ ಲೆಕ್ಕ ಕಲಸಿಹೋಗುತ್ತಿತ್ತು. ಸಹೋದರ ಸಹೋದರಿಗೆ ಕೊಟ್ಟರೆ ವೈ ವರ್ಣತಂತು ಸಾಕ್ಷಿ. ತಂಗಿ ಅಕ್ಕನಿಗೆ ಕೊಟ್ಟರೆ?

ದಾರಿ ತೆರೆದದ್ದು 1984ರ ಸೆಪ್ಟೆಂಬರ್‌ನಲ್ಲಿ. ಲೆಸ್ಟರ್‌ನ ಅಲೆಕ್ ಜೆಫ್ರೀಸ್ ಡಿಎನ್‌ಎ ಬೆರಳಚ್ಚನ್ನು ಕಂಡರು. ಕಳ್ಳರನ್ನು ಹಿಡಿಯುವ, ತಂದೆ ಯಾರೆಂದು ಹೇಳುವ ಆ ವಿದ್ಯೆ ಕಸಿಯ ವಾರ್ಡಿಗೂ ಬಂತು. ನಮ್ಮ ಡಿಎನ್‌ಎಯಲ್ಲಿ ಅಲ್ಲಲ್ಲಿ ಚಿಕ್ಕ ತುಣುಕೊಂದು ಮಗ್ಗಿ ಒಪ್ಪಿಸಿದಂತೆ ಮತ್ತೆ ಮತ್ತೆ ಬರುತ್ತದೆ. ಒಬ್ಬರಲ್ಲಿ 11 ಸಲ, ಇನ್ನೊಬ್ಬರಲ್ಲಿ 14 ಸಲ. ಎಸ್‌ಟಿಆರ್ ಎಂದು ಕರೆಯುವ ಈ ತಾಣಗಳಲ್ಲಿ ರೋಗಿ, ದಾನಿ ಬೇರೆಯಾಗಿರುವುದನ್ನು ಮೊದಲೇ ಆರಿಸಿಡುತ್ತಾರೆ. ಕಸಿಯ ನಂತರ ಪಿಸಿಆರ್‌ನಿಂದ ಅವನ್ನು ವೃದ್ಧಿಸಿ ಯಂತ್ರಕ್ಕೆ ಕೊಟ್ಟರೆ ಪರದೆಯ ಮೇಲೆ ಇಬ್ಬರ ಶಿಖರಗಳೂ ಏಳುತ್ತವೆ. ಎತ್ತರ ಅಳೆದರೆ ಯಾರ ಪಾಲು ಎಷ್ಟೆಂದು ತಿಳಿಯುತ್ತದೆ. ನೂರರಲ್ಲಿ ಒಂದರಿಂದ ಐದರಷ್ಟು ಬೆರಕೆಯೂ ಸಿಕ್ಕಿಬೀಳುತ್ತದೆ. ತದ್ರೂಪಿ ಅವಳಿಗಳಲ್ಲಿ ಮಾತ್ರ ಈ ವಿದ್ಯೆ ನಡೆಯದು.

ಒಂದು ಸಲ ನೋಡಿದರೆ ಸಾಲದು. 30ನೇ ದಿನ, 100ನೇ ದಿನದ ಸುಮಾರಿಗೆ, ಹೀಗೆ ಮತ್ತೆ ಮತ್ತೆ ನೋಡುತ್ತಾರೆ. ದಾನಿಯ ಪಾಲು ಇಳಿಯುತ್ತಿದ್ದರೆ ಅದು ಗಂಟಿನ ಕೆಳಗಿನ ಚಿಗುರು: ಕಸಿ ತಿರಸ್ಕೃತವಾಗುತ್ತಿರಬಹುದು, ಕ್ಯಾನ್ಸರ್ ಮರಳುತ್ತಿರಬಹುದು. ಆಗ ರೋಗನಿರೋಧಕ ಶಕ್ತಿಯನ್ನು ಅದುಮುವ ಔಷಧಿ ತಗ್ಗಿಸುವುದೋ, 1990ರಲ್ಲಿ ಮ್ಯೂನಿಕ್‌ನ ಹಾನ್ಸ್ ಯೋಖೆಮ್ ಕೋಲ್ಬ್ ತೋರಿಸಿದಂತೆ ದಾನಿಯ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳನ್ನು ಏರಿಸುವುದೋ ಎಂದು ವೈದ್ಯರು ನಿರ್ಧರಿಸುತ್ತಾರೆ. ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ಕಥೆಯೇ ಬೇರೆ. ಕೆಲವು ಮಕ್ಕಳಲ್ಲಿ ದಾನಿಯ ಪಾಲು ನೂರಕ್ಕೆ ಇಪ್ಪತ್ತು, ಮೂವತ್ತರಲ್ಲೇ ನಿಂತರೂ ತಿಂಗಳು ತಿಂಗಳು ರಕ್ತ ಏರಿಸುವ ಕಷ್ಟ ತಪ್ಪುತ್ತದೆ. ಹಾಗಾಗಿ ಒಂದೇ ಅಂಕಿ ಒಂದು ಮನೆಗೆ ಆತಂಕ, ಇನ್ನೊಂದು ಮನೆಗೆ ನೆಮ್ಮದಿ.

1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಬೋಳು ಗುಡ್ಡದ ಮೇಲೆ ವೈದ್ಯಕೀಯ ಕಾಲೇಜು ಕಟ್ಟಿದ ಮಣಿಪಾಲದಲ್ಲೇ ಈಗ ಅಸ್ಥಿಮಜ್ಜೆ ಕಸಿಯೂ ನಡೆಯುತ್ತದೆ. ಇನ್ನಂಜೆಯ ಮನೆಯಿಂದ ಬೆಳಿಗ್ಗೆ ಹೊರಟು ಪರೀಕ್ಷೆಗೆ ರಕ್ತ ಕೊಟ್ಟು ಮಧ್ಯಾಹ್ನದ ಊಟಕ್ಕೆ ಹಿಂದಿರುಗುವಷ್ಟು ಹತ್ತಿರ.

ಯಾರ ಪಾಲು ಎಷ್ಟೆಂಬ ಈ ಎಲ್ಲ ಲೆಕ್ಕಕ್ಕೂ ಆಧಾರ, ಕಸಿಗೆ ಮುಂಚೆ ತೆಗೆದಿಟ್ಟ ರೋಗಿಯ ಒಂದಿಷ್ಟು ರಕ್ತದ ಡಿಎನ್‌ಎ. ಅದನ್ನು ತೆಗೆದಿಡಲು ಮರೆತರೆ ಆಮೇಲೆ ಅದೇ ತೋಳಿನಿಂದ ಎಷ್ಟು ರಕ್ತ ತೆಗೆದರೂ ಸಿಗುವುದು ದಾನಿಯದು, ಇಲ್ಲವೇ ಇಬ್ಬರದೂ ಬೆರೆತದ್ದು. ಕೆನ್ನೆಯ ಒಳಭಾಗ ಸವರಿದರೂ ದಾನಿಯ ಕಣಗಳು ಬೆರೆತು ಬರುತ್ತವೆ. ಆಗ ತಲೆಯಿಂದ ಬುಡಸಮೇತ ಒಂದಷ್ಟು ಕೂದಲು ಕೀಳುತ್ತಾರೆ. ಆ ಬುಡದಲ್ಲಿ ರೋಗಿಯ ಹುಟ್ಟುಗುರುತು ಹಾಗೆಯೇ ಉಳಿದಿರುತ್ತದೆ.