ಅಭಿವ್ಯಕ್ತಿ ಸ್ವಾತಂತ್ರ್ಯದ ಕಾವಲಿಗೆ ನಿಂತ ಕಸುಬುದಾರರು

ಬರೆದ ಮಾತು ಓದುಗನ ಕೈ ಸೇರುವ ಮೊದಲು ಅನೇಕರ ಕೈ ದಾಟುತ್ತದೆ. ಅಚ್ಚುಕೂಟ, ಅಂಚೆ, ಪುಸ್ತಕದಂಗಡಿ, ಗ್ರಂಥಾಲಯ, ಈಗೀಗ ಕಂಪ್ಯೂಟರ್ ಜಾಲ, ಹೀಗೆ ಅದರ ದಾರಿ ಉದ್ದ. ಮಾತನ್ನು ಹತ್ತಿಕ್ಕಲು ಹೊರಟ ಅಧಿಕಾರ ಪ್ರತಿ ಕಾಲದಲ್ಲೂ ಈ ದಾರಿಯ ಒಂದಲ್ಲ ಒಂದು ಕಡೆ ಅಡ್ಡಗಟ್ಟೆ ಹಾಕಿದೆ. ಹಾಗಾಗಿ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಕಾಪಾಡಿದವರ ಸಾಲಿನಲ್ಲಿ ಸಾಹಿತಿ, ಪತ್ರಕರ್ತರ ಜೊತೆಗೆ ಮುದ್ರಕರು, ಪಾದ್ರಿಗಳು, ವಕೀಲರು, ಗ್ರಂಥಪಾಲಕರು, ಗಣಿತಜ್ಞರು, ಅನುವಾದಕರು, ವ್ಯಂಗ್ಯಚಿತ್ರಕಾರರು, ಸಾಫ್ಟ್‌ವೇರ್ ತಜ್ಞರು ಇದ್ದಾರೆ. ತಡೆ ಎಲ್ಲಿ ಬಿತ್ತೋ ಅಲ್ಲಿ ದುಡಿಯುತ್ತಿದ್ದವರೇ ಎದ್ದು ನಿಂತದ್ದು ಈ ಇತಿಹಾಸದ ಮುಖ್ಯ ಲಕ್ಷಣ.

ಅಚ್ಚುಕೂಟದ ಕಾಲ

ಮೊದಲ ತಡೆ ಬಿದ್ದದ್ದು ಅಚ್ಚಿನ ಯಂತ್ರದ ಮೇಲೆ. ಸರ್ಕಾರದ ಪರವಾನಗಿ ಇಲ್ಲದೆ ಏನನ್ನೂ ಅಚ್ಚು ಹಾಕಕೂಡದೆಂದು ಇಂಗ್ಲೆಂಡಿನ ಪಾರ್ಲಿಮೆಂಟು 1643ರಲ್ಲಿ ಆಜ್ಞೆ ಹೊರಡಿಸಿತು. ಅದರ ವಿರುದ್ಧ ಕವಿ ಜಾನ್ ಮಿಲ್ಟನ್ 1644ರಲ್ಲಿ ‘ಅರಿಯೋಪಜಿಟಿಕಾ’ ಎಂಬ ಪ್ರಬಂಧ ಬರೆದ. ಅದನ್ನು ಪರವಾನಗಿ ಪಡೆಯದೆಯೇ ಪ್ರಕಟಿಸಿದ. ಆಜ್ಞೆ ಕೂಡಲೇ ರದ್ದಾಗಲಿಲ್ಲ. ಪರವಾನಗಿ ಪದ್ಧತಿ ಕೊನೆಗೊಂಡದ್ದು 1695ರಲ್ಲಿ.

ಮುಂದಿನ ದೊಡ್ಡ ಘಟನೆ ನ್ಯೂಯಾರ್ಕಿನದು. ಜರ್ಮನಿಯಿಂದ ವಲಸೆ ಬಂದಿದ್ದ ಮುದ್ರಕ ಜಾನ್ ಪೀಟರ್ ಜೆಂಗರ್, ಬ್ರಿಟಿಷ್ ಗವರ್ನರ್ ವಿಲಿಯಂ ಕಾಸ್ಬಿಯನ್ನು ಟೀಕಿಸುವ ಪತ್ರಿಕೆಯನ್ನು ಅಚ್ಚು ಹಾಕುತ್ತಿದ್ದ. ಟೀಕೆಯ ಲೇಖನಗಳನ್ನು ಬರೆದವರು ಬೇರೆಯವರಾದರೂ 1734ರ ನವೆಂಬರಿನಲ್ಲಿ ಸೆರೆಮನೆ ಸೇರಿದವನು ಅವನೇ. ಪತ್ರಿಕೆಯನ್ನು ನಿಲ್ಲಗೊಡದೆ ನಡೆಸಿದವಳು ಹೆಂಡತಿ ಅನ್ನಾ. ಅವನ ಪರ ನಿಂತ ಇಬ್ಬರು ವಕೀಲರ ಸನ್ನದನ್ನು ನ್ಯಾಯಾಧೀಶರು ಕಿತ್ತುಕೊಂಡಾಗ ಫಿಲಡೆಲ್ಫಿಯಾದಿಂದ ಹಿರಿಯ ವಕೀಲ ಆಂಡ್ರ್ಯೂ ಹ್ಯಾಮಿಲ್ಟನ್ ಬಂದ. ಅಂದಿನ ಕಾನೂನಿನಲ್ಲಿ, ಬರೆದದ್ದು ನಿಜ ಎನ್ನುವುದು ಆರೋಪಿಗೆ ರಕ್ಷಣೆಯಾಗುತ್ತಿರಲಿಲ್ಲ. ಅಚ್ಚು ಹಾಕಿದ್ದು ಹೌದೋ ಅಲ್ಲವೋ ಎಂಬುದನ್ನಷ್ಟೇ ಜ್ಯೂರಿ ಹೇಳಬೇಕಿತ್ತು. ಹ್ಯಾಮಿಲ್ಟನ್ ಅಚ್ಚು ಹಾಕಿದ್ದನ್ನು ನೇರವಾಗಿ ಒಪ್ಪಿಕೊಂಡು, ನಿಜ ಹೇಳಿದ್ದು ಅಪರಾಧವೇ ಎಂಬ ಪ್ರಶ್ನೆಯನ್ನು ಜ್ಯೂರಿಯ ಮುಂದಿಟ್ಟ. 1735ರ ಆಗಸ್ಟಿನಲ್ಲಿ ಹನ್ನೆರಡು ಮಂದಿ ಸಾಮಾನ್ಯ ನಾಗರಿಕರು ಜೆಂಗರ್ ನಿರ್ದೋಷಿ ಎಂದು ಸಾರಿದರು. ಕಾನೂನು ಅಂದೇ ಬದಲಾಗಲಿಲ್ಲ, ಆದರೆ ಅಮೆರಿಕದ ಪತ್ರಿಕಾ ಸ್ವಾತಂತ್ರ್ಯದ ಚರ್ಚೆಗೆ ಆ ತೀರ್ಪು ಅಡಿಪಾಯವಾಯಿತು.

ಪತ್ರಿಕಾ ಸ್ವಾತಂತ್ರ್ಯಕ್ಕೆ ಮೊದಲ ಕಾನೂನು ಸಿಕ್ಕಿದ್ದು ಸ್ವೀಡನ್ನಿನಲ್ಲಿ, 1766ರ ಡಿಸೆಂಬರಿನಲ್ಲಿ. ಅದರ ಹಿಂದೆ ದುಡಿದವರಲ್ಲಿ ಮುಖ್ಯನಾದವನು ಅಂದು ಸ್ವೀಡನ್ನಿಗೆ ಸೇರಿದ್ದ ಫಿನ್‌ಲ್ಯಾಂಡಿನ ಪಾದ್ರಿ ಆಂಡರ್ಸ್ ಕಿಡೇನಿಯಸ್. ಧಾರ್ಮಿಕ ಗ್ರಂಥಗಳನ್ನು ಬಿಟ್ಟು ಉಳಿದೆಲ್ಲವುಗಳ ಪೂರ್ವಪರಿಶೀಲನೆಯನ್ನು ಆ ಕಾಯಿದೆ ರದ್ದುಪಡಿಸಿತು. ಸರ್ಕಾರಿ ಕಡತಗಳನ್ನು ನೋಡುವ ಹಕ್ಕನ್ನೂ ಜನರಿಗೆ ಕೊಟ್ಟಿತು. ಇಂದಿನ ಮಾಹಿತಿ ಹಕ್ಕು ಕಾನೂನುಗಳ ಬೇರು ಅಲ್ಲಿದೆ.

ಭಾರತದಲ್ಲಿ ಈ ಹೋರಾಟಕ್ಕೆ ನಾಂದಿ ಹಾಡಿದವರು ರಾಜಾ ರಾಮಮೋಹನ ರಾಯ್. 1823ರಲ್ಲಿ ಕಂಪನಿ ಸರ್ಕಾರ ಪತ್ರಿಕೆಗಳಿಗೆ ಪರವಾನಗಿ ಕಡ್ಡಾಯ ಮಾಡಿದಾಗ ಅವರು ಕಲ್ಕತ್ತೆಯ ಸುಪ್ರೀಂ ಕೋರ್ಟಿಗೆ ಮನವಿ ಸಲ್ಲಿಸಿದರು. ಅದು ತಿರಸ್ಕೃತವಾದಾಗ ಪರವಾನಗಿ ಬೇಡುವ ಬದಲು ತಮ್ಮ ಪರ್ಷಿಯನ್ ವಾರಪತ್ರಿಕೆ ‘ಮಿರಾತ್-ಉಲ್-ಅಖ್ಬಾರ್’ ಅನ್ನೇ ನಿಲ್ಲಿಸಿದರು. ಆ ನಿರ್ಬಂಧ ತೆರವಾದದ್ದು 1835ರಲ್ಲಿ. 1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕೆಗಳ ಮೇಲೆ ಕಠಿಣ ಶಾಸನ ತಂದಾಗ, ಶಿಕ್ಷಕರೂ ಸಂಪಾದಕರೂ ಆಗಿದ್ದ ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯನವರು ಹಿಡಿದದ್ದೂ ಇದೇ ದಾರಿ; ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು.

ಸಂಘಟನೆಗಳ ಹುಟ್ಟು

ಇಪ್ಪತ್ತನೆಯ ಶತಮಾನದ ಎರಡು ಮಹಾಯುದ್ಧಗಳ ನಡುವೆ ಒಂಟಿ ಹೋರಾಟಗಳು ಸಂಘಟನೆಗಳಾದವು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಯುದ್ಧವಿರೋಧಿ ಭಾಷಣ ಮಾಡಿದವರು ಜೈಲಿಗೆ ಹೋಗಿದ್ದರು. ಅದರ ಬೆನ್ನಿಗೇ, 1920ರಲ್ಲಿ, ಸಮಾಜ ಕಾರ್ಯಕರ್ತ ರೋಜರ್ ಬಾಲ್ಡ್ವಿನ್, ವಕೀಲೆ ಕ್ರಿಸ್ಟಲ್ ಈಸ್ಟ್‌ಮನ್, ಲೇಖಕಿ ಹೆಲನ್ ಕೆಲರ್ ಮೊದಲಾದವರು ಸೇರಿ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಕಟ್ಟಿದರು. ಮರುವರ್ಷ ಲಂಡನ್ನಿನಲ್ಲಿ ಕ್ಯಾಥರೀನ್ ಏಮಿ ಡಾಸನ್ ಸ್ಕಾಟ್ ‘ಪೆನ್’ ಎಂಬ ಲೇಖಕರ ಕೂಟ ಆರಂಭಿಸಿದರು; ಜಾನ್ ಗಾಲ್ಸ್‌ವರ್ದಿ ಅದರ ಮೊದಲ ಅಧ್ಯಕ್ಷರು.

ಪೆನ್ ಆರಂಭದಲ್ಲಿ ಸ್ನೇಹಕೂಟವಾಗಿತ್ತು. ಅದನ್ನು ಹೋರಾಟದ ಸಂಸ್ಥೆಯಾಗಿಸಿದ್ದು 1933ರ ಮೇ ತಿಂಗಳು. ಅದೇ ತಿಂಗಳು ಜರ್ಮನಿಯ ಊರೂರುಗಳಲ್ಲಿ ನಾಜಿಗಳು ಪುಸ್ತಕಗಳನ್ನು ಸುಟ್ಟಿದ್ದರು. ಡುಬ್ರೊವ್ನಿಕ್‌ನಲ್ಲಿ ಸೇರಿದ ಸಮ್ಮೇಳನದಲ್ಲಿ, ದೇಶ ಬಿಟ್ಟಿದ್ದ ಯಹೂದಿ ನಾಟಕಕಾರ ಎರ್ನ್ಸ್ಟ್ ಟೋಲರ್ ಅವರಿಗೆ ಮಾತಾಡಲು ಅಧ್ಯಕ್ಷ ಎಚ್.ಜಿ. ವೆಲ್ಸ್ ಅವಕಾಶ ಕೊಟ್ಟರು. ಜರ್ಮನ್ ಪ್ರತಿನಿಧಿಗಳು ಸಭೆಯಿಂದ ಎದ್ದು ಹೋದರು. ಅದೇ ವರ್ಷ ಮುಂಬಯಿಯಲ್ಲಿ ಸೋಫಿಯಾ ವಾಡಿಯಾ ಅವರು ಪೆನ್ ಸಂಸ್ಥೆಯ ಅಖಿಲ ಭಾರತ ಕೇಂದ್ರವನ್ನು ಸ್ಥಾಪಿಸಿದರು.

ಗ್ರಂಥಪಾಲಕರು ತಮ್ಮ ಕಸುಬಿಗೆ ನೀತಿಸಂಹಿತೆ ಬರೆದುಕೊಂಡದ್ದೂ ಈ ದಶಕದಲ್ಲೇ. ಡೆಮಾಯ್ನ್ ನಗರದ ಸಾರ್ವಜನಿಕ ಗ್ರಂಥಾಲಯ 1938ರಲ್ಲಿ ಅಂಗೀಕರಿಸಿದ ನಿರ್ಣಯವನ್ನು ಆಧರಿಸಿ ಅಮೆರಿಕದ ಗ್ರಂಥಾಲಯ ಸಂಘ 1939ರಲ್ಲಿ ‘ಗ್ರಂಥಾಲಯ ಹಕ್ಕುಗಳ ಸನ್ನದು’ ಪ್ರಕಟಿಸಿತು. ಲೇಖಕನ ಜನಾಂಗ, ದೇಶ, ರಾಜಕೀಯ ನೋಡಿ ಪುಸ್ತಕವನ್ನು ಹೊರಗಿಡಬಾರದು ಎಂಬುದು ಅದರ ಸಾರ. ಕೆಲವೇ ವಾರಗಳಲ್ಲಿ ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿಯ ಆಡಳಿತ ಜಾನ್ ಸ್ಟೈನ್‌ಬೆಕ್ ಅವರ ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯನ್ನು ತನ್ನ ಗ್ರಂಥಾಲಯಗಳಿಂದ ತೆಗೆಸಿತು. ಅಲ್ಲಿನ ಗ್ರಂಥಪಾಲಕಿ ಗ್ರೆಚೆನ್ ನೀಫ್ ತಮ್ಮ ಮೇಲಧಿಕಾರಿಗಳಿಗೇ ಪತ್ರ ಬರೆದು ನಿಷೇಧವನ್ನು ಖಂಡಿಸಿದರು. ನಿಷೇಧ 1941ರವರೆಗೆ ಉಳಿಯಿತು. ಆದರೆ ಓದುಗನ ಹಕ್ಕನ್ನು ಕಾಯುವುದು ಗ್ರಂಥಪಾಲಕರ ಕರ್ತವ್ಯ ಎಂಬ ತತ್ವ ಬೇರೂರಿತು.

1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಒಪ್ಪಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 19ನೇ ವಿಧಿ, ಅಭಿಪ್ರಾಯ ಹೊಂದುವ ಹಾಗೂ ಗಡಿಗಳ ಹಂಗಿಲ್ಲದೆ ವಿಚಾರಗಳನ್ನು ಪಡೆಯುವ, ಹಂಚುವ ಹಕ್ಕನ್ನು ಎಲ್ಲ ಮನುಷ್ಯರದೆಂದು ಸಾರಿತು. ಮುಂದಿನ ಹೋರಾಟಗಳಿಗೆಲ್ಲ ಈ ಸಂಖ್ಯೆಯೇ ಗುರುತಾಯಿತು.

ಟೈಪ್‌ರೈಟರ್ ಮತ್ತು ಕಾರ್ಬನ್ ಹಾಳೆ

ಸೋವಿಯತ್ ಒಕ್ಕೂಟದಲ್ಲಿ ಅಚ್ಚುಕೂಟಗಳೆಲ್ಲ ಸರ್ಕಾರದ ವಶದಲ್ಲಿದ್ದವು. ಹಾಗಾಗಿ ಅಲ್ಲಿ ಮಾತನ್ನು ಕಾದದ್ದು ಮನೆಯ ಟೈಪ್‌ರೈಟರ್. ಸಿನ್ಯಾವ್‌ಸ್ಕಿ ಮತ್ತು ಡೇನಿಯಲ್ ಎಂಬ ಇಬ್ಬರು ಲೇಖಕರು ವಿದೇಶದಲ್ಲಿ ಪುಸ್ತಕ ಪ್ರಕಟಿಸಿದ್ದಕ್ಕೆ ಬಂಧಿತರಾದಾಗ, ಗಣಿತಜ್ಞ ಅಲೆಕ್ಸಾಂಡರ್ ಯೆಸೆನಿನ್-ವೋಲ್ಪಿನ್ 1965ರ ಡಿಸೆಂಬರ್ 5ರಂದು ಮಾಸ್ಕೋದ ಪುಷ್ಕಿನ್ ಚೌಕದಲ್ಲಿ ಪ್ರತಿಭಟನೆ ಏರ್ಪಡಿಸಿದರು. ಅದು ಸೋವಿಯತ್ ಸಂವಿಧಾನದ ದಿನ. ಅವರ ಬೇಡಿಕೆ ಸರಳವಾಗಿತ್ತು: ವಿಚಾರಣೆ ಬಹಿರಂಗವಾಗಿ ನಡೆಯಲಿ, ಸರ್ಕಾರ ತನ್ನದೇ ಸಂವಿಧಾನವನ್ನು ಪಾಲಿಸಲಿ.

1968ರ ಏಪ್ರಿಲಿನಲ್ಲಿ ಕವಯಿತ್ರಿ ನತಾಲ್ಯಾ ಗೋರ್ಬನೆವ್‌ಸ್ಕಯಾ ‘ಕ್ರಾನಿಕಲ್ ಆಫ್ ಕರೆಂಟ್ ಇವೆಂಟ್ಸ್’ ಎಂಬ ಗುಪ್ತ ಪತ್ರಿಕೆಯ ಮೊದಲ ಸಂಚಿಕೆಯನ್ನು ಟೈಪ್ ಮಾಡಿದರು. ತೆಳು ಕಾಗದಗಳ ನಡುವೆ ಕಾರ್ಬನ್ ಹಾಳೆ ಇಟ್ಟು ಒಂದೇ ಸಲಕ್ಕೆ ಹಲವು ಪ್ರತಿ ತೆಗೆಯುವುದು, ಪ್ರತಿ ಪಡೆದವರು ಅದನ್ನು ಮತ್ತೆ ಟೈಪ್ ಮಾಡಿ ಮುಂದೆ ದಾಟಿಸುವುದು, ಇದು ಅದರ ಪ್ರಸಾರದ ಕ್ರಮ. ಸುದ್ದಿ ಕೊಡಬೇಕೆನ್ನುವವರು ತಮಗೆ ಪ್ರತಿ ಕೊಟ್ಟವರಿಗೆ ಹೇಳಬೇಕು, ಅವರು ತಮಗೆ ಕೊಟ್ಟವರಿಗೆ. ಹೀಗೆ ಬಂಧನ, ವಿಚಾರಣೆ, ಮನೆಶೋಧಗಳ ವಿವರ ಕೈಯಿಂದ ಕೈಗೆ ಹಿಂದಕ್ಕೆ ಹರಿದು ಸಂಪಾದಕರನ್ನು ಮುಟ್ಟುತ್ತಿತ್ತು. ಮುಖಪುಟದಲ್ಲಿ ಇರುತ್ತಿದ್ದದ್ದು ಸಾರ್ವತ್ರಿಕ ಘೋಷಣೆಯ 19ನೇ ವಿಧಿ. ಭಾಷೆಯಲ್ಲಿ ಆವೇಶವಿರಲಿಲ್ಲ, ಹೆಸರು, ತಾರೀಕು, ಕಾನೂನಿನ ಸೆಕ್ಷನ್ನು ಇಷ್ಟೇ. ಗೋರ್ಬನೆವ್‌ಸ್ಕಯಾ ಅವರನ್ನು ಬಂಧಿಸಿ ಮಾನಸಿಕ ಆಸ್ಪತ್ರೆಯಲ್ಲಿ ಕೂಡಿಹಾಕಲಾಯಿತು. ಜೀವವಿಜ್ಞಾನಿ ಸೆರ್ಗೈ ಕೊವಲ್ಯೋವ್, ಗಣಿತಜ್ಞೆ ತತ್ಯಾನಾ ವೆಲಿಕಾನೊವಾ ಕೆಲಸವನ್ನು ಮುಂದುವರಿಸಿದರು. ಇಬ್ಬರೂ ಶಿಕ್ಷೆಗೆ ಗುರಿಯಾದರು. ಆದರೂ ಪತ್ರಿಕೆ ಸುಮಾರು 15 ವರ್ಷ ಬದುಕಿತು.

ಚೆಕೊಸ್ಲೊವಾಕಿಯಾದಲ್ಲಿ ಕಿಡಿ ಹೊತ್ತಿದ್ದು ಸಂಗೀತದಿಂದ. ‘ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್’ ಎಂಬ ರಾಕ್ ತಂಡದವರನ್ನು 1976ರಲ್ಲಿ ವಿಚಾರಣೆಗೆ ಗುರಿಪಡಿಸಿದಾಗ ನಾಟಕಕಾರ ವಾಕ್ಲಾವ್ ಹಾವೆಲ್, ತತ್ವಶಾಸ್ತ್ರಜ್ಞ ಯಾನ್ ಪಾಟೊಚ್ಕಾ, ಮಾಜಿ ವಿದೇಶಾಂಗ ಸಚಿವ ಯಿರ್ಜಿ ಹಾಯೆಕ್ ಒಂದಾದರು. ಇವರ ಮುಂದಾಳ್ತನದಲ್ಲಿ 1977ರ ಜನವರಿಯಲ್ಲಿ ಹೊರಬಂದ ‘ಚಾರ್ಟರ್ 77’ಕ್ಕೆ ಮೊದಲು ಸಹಿ ಹಾಕಿದವರು ಸುಮಾರು 240 ಮಂದಿ, ಅವರಲ್ಲಿ ಪಾದ್ರಿಗಳು, ಕಾರ್ಮಿಕರು, ಪ್ರಾಧ್ಯಾಪಕರು ಇದ್ದರು. ಅನೇಕರು ನೌಕರಿ ಕಳೆದುಕೊಂಡು ಬಾಯ್ಲರಿಗೆ ಕಲ್ಲಿದ್ದಲು ಹಾಕುವ, ಕಿಟಕಿ ಒರೆಸುವ ಕೆಲಸಕ್ಕೆ ಇಳಿಯಬೇಕಾಯಿತು. ದೀರ್ಘ ಪೊಲೀಸ್ ವಿಚಾರಣೆಗಳ ಬೆನ್ನಲ್ಲೇ, ಮಾರ್ಚಿನಲ್ಲಿ, ಪಾಟೊಚ್ಕಾ ತೀರಿಕೊಂಡರು.

ಜಗತ್ತಿನ ಸ್ಪಂದನೆ

ಒಳಗಿನವರ ಕೂಗಿಗೆ ಹೊರಗೆ ಕಿವಿಗಳು ಬೇಕಿದ್ದವು. ಲಂಡನ್ನಿನ ವಕೀಲ ಪೀಟರ್ ಬೆನೆನ್ಸನ್ 1961ರಲ್ಲಿ ಪತ್ರಿಕೆಯೊಂದರಲ್ಲಿ ಬರೆದ ಲೇಖನದಿಂದ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಹುಟ್ಟಿತು. ಭೌತವಿಜ್ಞಾನಿ ಪಾವೆಲ್ ಲಿಟ್ವಿನೊವ್ ಮತ್ತು ಭಾಷಾವಿಜ್ಞಾನಿ ಲಾರಿಸಾ ಬೊಗೊರಾಜ್ 1968ರ ಜನವರಿಯಲ್ಲಿ ಮಾಸ್ಕೋದಿಂದ ಜಗತ್ತಿಗೆ ಮನವಿ ಕಳಿಸಿದಾಗ ಕವಿ ಸ್ಟೀಫನ್ ಸ್ಪೆಂಡರ್ ಓಗೊಟ್ಟರು. ಅದರ ಫಲವಾಗಿ 1972ರಲ್ಲಿ ‘ಇಂಡೆಕ್ಸ್ ಆನ್ ಸೆನ್ಸಾರ್‌ಶಿಪ್’ ಪತ್ರಿಕೆ ಬಂತು. ರಷ್ಯನ್ ಅನುವಾದಕ ಮೈಕೆಲ್ ಸ್ಕ್ಯಾಮೆಲ್ ಅದರ ಮೊದಲ ಸಂಪಾದಕ. ಪತ್ರಕರ್ತರ ರಕ್ಷಣೆಗೆ 1981ರಲ್ಲಿ ನ್ಯೂಯಾರ್ಕಿನಲ್ಲೊಂದು ಸಮಿತಿ, 1985ರಲ್ಲಿ ಫ್ರಾನ್ಸಿನಲ್ಲಿ ‘ಗಡಿಗಳಿಲ್ಲದ ವರದಿಗಾರರು’, 1987ರಲ್ಲಿ ಲಂಡನ್ನಿನಲ್ಲಿ ‘ಆರ್ಟಿಕಲ್ 19’ ಸಂಸ್ಥೆ ಹುಟ್ಟಿದವು. ಆಫ್ರಿಕಾದ ಪತ್ರಕರ್ತರು 1991ರ ಮೇ 3ರಂದು ನಮೀಬಿಯಾದ ವಿಂಡ್‌ಹುಕ್‌ನಲ್ಲಿ ಹೊರಡಿಸಿದ ಘೋಷಣೆಯಿಂದಾಗಿ ಆ ದಿನ ವಿಶ್ವ ಪತ್ರಿಕಾ ಸ್ವಾತಂತ್ರ್ಯ ದಿನವಾಯಿತು. 1993ರಲ್ಲಿ ವಿಶ್ವಸಂಸ್ಥೆ ಈ ಹಕ್ಕಿಗೆಂದೇ ವಿಶೇಷ ವರದಿಗಾರರ ಹುದ್ದೆ ಸೃಷ್ಟಿಸಿದಾಗ ಮೊದಲು ಅದನ್ನು ಹೊತ್ತವರು ಭಾರತದ ಅರ್ಥಶಾಸ್ತ್ರಜ್ಞ, ಮಾಜಿ ರಾಯಭಾರಿ ಆಬಿದ್ ಹುಸೇನ್.

ಸರ್ಕಾರಗಳ ಜೊತೆಗೆ ಕೊಲೆಗಡುಕರೂ ಎದುರಾಳಿಗಳಾದರು. ಸಲ್ಮಾನ್ ರಶ್ದಿ ಅವರ ಮೇಲೆ 1989ರಲ್ಲಿ ಫತ್ವಾ ಬಿದ್ದಾಗ ಅದರ ಬೆಲೆ ತೆತ್ತವರಲ್ಲಿ ಬೇರೆಯವರೂ ಇದ್ದರು. ಅವರ ಕಾದಂಬರಿಯ ಜಪಾನಿ ಅನುವಾದಕ ಹಿಟೋಶಿ ಇಗರಾಶಿ 1991ರಲ್ಲಿ ಕೊಲೆಯಾದರು. ಇಟಾಲಿಯನ್ ಅನುವಾದಕ ಇರಿತಕ್ಕೆ ಒಳಗಾದರು. ನಾರ್ವೆಯ ಪ್ರಕಾಶಕ ವಿಲಿಯಂ ನೈಗಾರ್ಡ್ 1993ರಲ್ಲಿ ಗುಂಡೇಟು ತಿಂದು ಬದುಕಿದರು. ಬೆದರಿಕೆಗೆ ಗುರಿಯಾದ ಲೇಖಕರಿಗೆ ನಗರಗಳು ಆಶ್ರಯ ಕೊಡುವ ವ್ಯವಸ್ಥೆ ಬೆಳೆದದ್ದು ಈ ಅನುಭವದಿಂದ. ಸಿರಿಯಾದ ವ್ಯಂಗ್ಯಚಿತ್ರಕಾರ ಅಲಿ ಫರ್ಜಾತ್ ಅವರ ಕೈಗಳನ್ನು 2011ರಲ್ಲಿ ಮುಸುಕುಧಾರಿಗಳು ಮುರಿದರು. ಅವರು ಮತ್ತೆ ಚಿತ್ರ ಬರೆದರು. ಇರಾನಿನ ಜಾಫರ್ ಪನಾಹಿ ಅವರಿಗೆ 20 ವರ್ಷ ಸಿನಿಮಾ ಮಾಡಬಾರದೆಂದು ಆಜ್ಞೆಯಾದರೂ ಅವರು ಚಿತ್ರೀಕರಣ ಬಿಡಲಿಲ್ಲ. 2025ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದರು.

ಸ್ವತಂತ್ರ ಭಾರತ

ಸಂವಿಧಾನ ಜಾರಿಯಾದ ವರ್ಷವೇ, 1950ರಲ್ಲಿ, ‘ಕ್ರಾಸ್ ರೋಡ್ಸ್’ ಪತ್ರಿಕೆಗೆ ಮದ್ರಾಸ್ ರಾಜ್ಯ ಹೇರಿದ್ದ ನಿರ್ಬಂಧವನ್ನು ಸಂಪಾದಕ ರೊಮೇಶ್ ಥಾಪರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಮರುವರ್ಷದ ಮೊದಲ ತಿದ್ದುಪಡಿ ನಿರ್ಬಂಧದ ಕಾರಣಗಳನ್ನು ಹಿಗ್ಗಿಸಿತು. 1975ರ ತುರ್ತು ಪರಿಸ್ಥಿತಿಯಲ್ಲಿ ಕೆಲವು ಪತ್ರಿಕೆಗಳು ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟವು. ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂತಿರುಗಿಸಿದರು. ಫೇಸ್‌ಬುಕ್ ಬರಹಕ್ಕಾಗಿ 2012ರಲ್ಲಿ ಇಬ್ಬರು ಯುವತಿಯರ ಬಂಧನವಾದಾಗ ಶ್ರೇಯಾ ಸಿಂಘಾಲ್ ಎಂಬ ಯುವತಿ ಸುಪ್ರೀಂ ಕೋರ್ಟಿಗೆ ಹೋದರು; ಅವರ ಅರ್ಜಿಯಿಂದಾಗಿ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಸೆಕ್ಷನ್ 2015ರಲ್ಲಿ ರದ್ದಾಯಿತು. ಅದೇ ವರ್ಷ ಧಾರವಾಡದಲ್ಲಿ ವಚನ ಸಾಹಿತ್ಯದ ವಿದ್ವಾಂಸ ಎಂ.ಎಂ. ಕಲಬುರ್ಗಿ, 2017ರಲ್ಲಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ತಮ್ಮ ತಮ್ಮ ಮನೆಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಗೌರಿಯವರು ಕೊನೆಗೆ ಬರೆದದ್ದು ಸುಳ್ಳುಸುದ್ದಿಯ ಬಗ್ಗೆ. ಆ ಜಾಡನ್ನು ಹಿಡಿದು ಹಲವು ದೇಶಗಳ ಪತ್ರಕರ್ತರು ನಡೆಸಿದ ತನಿಖೆ 2023ರಲ್ಲಿ ಪ್ರಕಟವಾಯಿತು.

ಕಂಪ್ಯೂಟರ್ ಮತ್ತು ಕೋರ್ಟಿನ ಖರ್ಚು

ಮಾತು ಕಂಪ್ಯೂಟರಿಗೆ ಸರಿದಾಗ ಕಾವಲೂ ಅಲ್ಲಿಗೆ ಸರಿಯಿತು. 1990ರಲ್ಲಿ ಸಾಫ್ಟ್‌ವೇರ್ ಉದ್ಯಮಿ ಮಿಚ್ ಕೇಪರ್, ಪ್ರೋಗ್ರಾಮರ್ ಜಾನ್ ಗಿಲ್ಮೋರ್, ದನದ ಫಾರಂ ನಡೆಸಿದ್ದ ಗೀತರಚನಕಾರ ಜಾನ್ ಪೆರಿ ಬಾರ್ಲೊ ಸೇರಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಕಟ್ಟಿದರು. ಮರುವರ್ಷ ಫಿಲ್ ಜಿಮ್ಮರ್‌ಮನ್ ಸಂದೇಶಗಳನ್ನು ಗೂಢಲಿಪಿಯಾಗಿಸುವ ‘ಪಿಜಿಪಿ’ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಅಮೆರಿಕದ ರಫ್ತು ಕಾನೂನು ಅಂಥ ತಂತ್ರಾಂಶವನ್ನು ಯುದ್ಧಸಾಮಗ್ರಿಯ ಪಟ್ಟಿಗೆ ಸೇರಿಸಿದ್ದರಿಂದ ಅವರ ಮೇಲೆ ತನಿಖೆ ನಡೆಯಿತು. ಆಗ, 1995ರಲ್ಲಿ, ಎಂಐಟಿ ಮುದ್ರಣಾಲಯ ಇಡೀ ಪ್ರೋಗ್ರಾಮನ್ನು ಪುಸ್ತಕವಾಗಿ ಅಚ್ಚು ಹಾಕಿತು. ತಂತ್ರಾಂಶದ ರಫ್ತಿಗೆ ನಿಷೇಧವಿತ್ತು, ಪುಸ್ತಕಕ್ಕೆ ಇರಲಿಲ್ಲ. ಮುಂದಿನ ಆವೃತ್ತಿಯ ಅಚ್ಚಾದ ಪುಟಗಳನ್ನು ಯೂರೋಪಿನ ಸ್ವಯಂಸೇವಕರು 1997ರಲ್ಲಿ ಸ್ಕ್ಯಾನ್ ಮಾಡಿ ಮತ್ತೆ ತಂತ್ರಾಂಶವಾಗಿಸಿದರು. ತನಿಖೆ 1996ರಲ್ಲೇ ನಿಂತಿತ್ತು. ಗಣಿತದ ವಿದ್ಯಾರ್ಥಿ ಡೇನಿಯಲ್ ಬರ್ನ್‌ಸ್ಟೈನ್ ಹೂಡಿದ ಮೊಕದ್ದಮೆಯಲ್ಲಿ ಪ್ರೋಗ್ರಾಮ್ ಬರೆಯುವುದೂ ಅಭಿವ್ಯಕ್ತಿಯೇ ಎಂದು ಅಮೆರಿಕದ ನ್ಯಾಯಾಲಯ ಅದೇ ವರ್ಷ ಹೇಳಿತು.

ಇತ್ತೀಚಿನ ಅಡ್ಡಗಟ್ಟೆ ಮೊಕದ್ದಮೆಯ ಖರ್ಚು. ಮಾಲ್ಟಾದ ಪತ್ರಕರ್ತೆ ಡಾಫ್ನೆ ಕರುವಾನಾ ಗಲಿಜಿಯಾ 2017ರಲ್ಲಿ ಕಾರ್ ಬಾಂಬಿಗೆ ಬಲಿಯಾದಾಗ ಅವರ ಮೇಲೆ 40ಕ್ಕೂ ಹೆಚ್ಚು ಮಾನನಷ್ಟ ಮೊಕದ್ದಮೆಗಳಿದ್ದವು. ಬಾಯಿ ಮುಚ್ಚಿಸಲೆಂದೇ ಹೂಡುವ ಇಂಥ ದಾವೆಗಳ ವಿರುದ್ಧ ಯೂರೋಪಿಯನ್ ಒಕ್ಕೂಟ 2024ರಲ್ಲಿ ಕಾನೂನು ತಂದಿತು. ಬ್ರಿಟನ್ನಿನಲ್ಲಿ ವಿಜ್ಞಾನ ಲೇಖಕ ಸೈಮನ್ ಸಿಂಗ್, ವೈದ್ಯಪದ್ಧತಿಯೊಂದನ್ನು ಟೀಕಿಸಿದ್ದಕ್ಕೆ ಎರಡು ವರ್ಷ ಕೋರ್ಟು ಅಲೆದು 2010ರಲ್ಲಿ ಗೆದ್ದರು. ಅವರೊಡನೆ ವಿಜ್ಞಾನಿಗಳು, ಲೇಖಕರು ಸೇರಿ ನಡೆಸಿದ ಚಳವಳಿ 2013ರ ಹೊಸ ಮಾನನಷ್ಟ ಕಾಯಿದೆಗೆ ಕಾರಣವಾಯಿತು. ಫಿಲಿಪ್ಪೀನ್ಸಿನ ಮರಿಯಾ ರೆಸ್ಸಾ, ರಷ್ಯಾದ ದಿಮಿತ್ರಿ ಮುರಾಟೊವ್ ಎಂಬ ಪತ್ರಕರ್ತರಿಗೆ 2021ರ ನೊಬೆಲ್ ಶಾಂತಿ ಪುರಸ್ಕಾರ ಸಂದದ್ದು ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆಗಾಗಿಯೇ.

1936ರ ಸೋವಿಯತ್ ಸಂವಿಧಾನದ 125ನೇ ವಿಧಿಯಲ್ಲೂ ವಾಕ್ ಸ್ವಾತಂತ್ರ್ಯದ ಭರವಸೆ ಇತ್ತು. ಆ ವಿಧಿಗೆ ಅರ್ಥ ಬರಲಿ ಎಂದು ಬೀದಿಗಿಳಿದವರು ಗಣಿತಜ್ಞರು, ಕವಿಗಳು, ಜೀವವಿಜ್ಞಾನಿಗಳು. ಹಕ್ಕನ್ನು ಬರೆದಿಡುವುದು ಸಂವಿಧಾನದ ಕೆಲಸ. ಅದನ್ನು ಉಳಿಸುವುದು ತಮ್ಮ ತಮ್ಮ ಕಸುಬಿನ ಜಾಗದಲ್ಲಿ ನಿಂತು ‘ಇದನ್ನು ತಡೆಯಕೂಡದು’ ಎನ್ನುವವರ ಕೆಲಸ. ಅಂಥವರ ಸಂಖ್ಯೆ ಕುಗ್ಗಿದ ದೇಶದಲ್ಲಿ ಎಂಥ ಸಂವಿಧಾನವೂ ಮಾತನ್ನು ಕಾಪಾಡಲಾರದು.