ಆರು ಚುಕ್ಕಿಗಳ ಬಳಗ

ಶಾಲೆಯ ಪಾಠಪುಸ್ತಕಗಳಲ್ಲಿ ಲೂಯಿ ಬ್ರೈಲನಿಗೆ ಹೆಚ್ಚೆಂದರೆ ಅರ್ಧ ಪುಟ ಸಿಗುತ್ತದೆ. ಫ್ರಾನ್ಸಿನ ಅಂಧ ಹುಡುಗನೊಬ್ಬ ಆರು ಉಬ್ಬು ಚುಕ್ಕಿಗಳಿಂದ ಒಂದು ಲಿಪಿ ಮಾಡಿದ, ಅಂಧರ ಬಾಳಿಗೆ ಬೆಳಕಾದ ಎಂದು ಹೇಳಿ ಮುಗಿಸುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ಒಂದು ವರ್ಷ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಅವನು ಬರೆದದ್ದನ್ನು ಓದಿದವರು ಯಾರು?" ಎಂದು ಕೇಳಿದಳು. ಪುಸ್ತಕದ ಕೊನೆಗೆ ಕೊಟ್ಟ ಪ್ರಶ್ನೆಗಳಲ್ಲಿ ಇದು ಇರಲಿಲ್ಲ. ಆದರೆ ಇಡೀ ಕಥೆ ಇರುವುದು ಇದರಲ್ಲಿಯೇ. ಒಬ್ಬನೇ ಕುಳಿತು ಗುರುತು ಮಾಡಿಕೊಂಡರೆ ಅದು ಲಿಪಿಯಾಗುವುದಿಲ್ಲ. ಅದನ್ನು ಓದಲು ಇನ್ನೊಬ್ಬರು ಬೇಕು. ಬ್ರೈಲನಿಗೆ ಆ ಇನ್ನೊಬ್ಬರು ಹೇಗೆ ಸಿಕ್ಕರು ಎಂದು ಹುಡುಕುತ್ತ ಹೋದಾಗ ನನಗೆ ಕಂಡದ್ದನ್ನು ಇಲ್ಲಿ ಹೇಳುತ್ತೇನೆ.

1771ರಲ್ಲಿ ಪ್ಯಾರಿಸ್ಸಿನ ಒಂದು ಜಾತ್ರೆಯಲ್ಲಿ ಕೆಲವು ಅಂಧರಿಗೆ ಕತ್ತೆಕಿವಿ ಕಟ್ಟಿ, ರಟ್ಟಿನ ದೊಡ್ಡ ಕನ್ನಡಕ ಹಾಕಿ, ಕೈಗೆ ವಾದ್ಯ ಕೊಟ್ಟು ಕೂರಿಸಿದ್ದರು. ಅವರು ಅಪಸ್ವರ ನುಡಿಸುತ್ತಿದ್ದರೆ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಆ ನೋಟಕ್ಕೆ ಮನನೊಂದವನು ವ್ಯಾಲೆಂಟಿನ್ ಹಾವಿ ಎಂಬಾತ. ಬೀದಿಯಲ್ಲಿ ಬೇಡುತ್ತಿದ್ದ ಒಬ್ಬ ಅಂಧ ಹುಡುಗನಿಂದ ಆರಂಭಿಸಿ, 1785ರಲ್ಲಿ ಪ್ಯಾರಿಸ್ಸಿನಲ್ಲಿ ಅಂಧ ಮಕ್ಕಳ ಶಾಲೆ ತೆರೆದ. ಸಾಮಾನ್ಯ ಅಕ್ಷರಗಳನ್ನೇ ದಪ್ಪ ಕಾಗದದ ಮೇಲೆ ಉಬ್ಬುವಂತೆ ಅಚ್ಚು ಹಾಕಿಸಿ ಓದಲು ಕಲಿಸಿದ. ಅದು ದೊಡ್ಡ ಉಪಕಾರವೇ. ಆದರೂ ಆ ಪುಸ್ತಕಗಳು ಬಲು ಭಾರ. ಒಂದೊಂದು ಅಕ್ಷರದ ಸುತ್ತು, ತಿರುವುಗಳನ್ನು ಬೆರಳಿನಿಂದ ತಡವಿ ತಿಳಿಯಬೇಕಾದ್ದರಿಂದ ಓದು ಆಮೆಯ ನಡಿಗೆ. ಮಕ್ಕಳು ತಾವಾಗಿ ಆ ರೀತಿ ಬರೆದುಕೊಳ್ಳುವಂತೆಯೂ ಇರಲಿಲ್ಲ. ಕಣ್ಣಿದ್ದ ಉಪಾಧ್ಯಾಯರಿಗೆ ಮಾತ್ರ ಅದು ಬಹಳ ಅನುಕೂಲ. ಅವರು ಹೊಸದಾಗಿ ಏನನ್ನೂ ಕಲಿಯಬೇಕಾಗಿರಲಿಲ್ಲ.

1819ರಲ್ಲಿ ಹತ್ತು ವರ್ಷದ ಲೂಯಿ ಬ್ರೈಲ್ ಈ ಶಾಲೆಗೆ ಬಂದ. ಅಪ್ಪ ಕೂಪ್‌ವ್ರೇ ಎಂಬ ಹಳ್ಳಿಯಲ್ಲಿ ಕುದುರೆಯ ಜೀನು, ಲಗಾಮು ಹೊಲಿಯುವವನು. ಮೂರು ವರ್ಷದ ಮಗು ಅಪ್ಪನ ಹತಾರದಿಂದ ಕಣ್ಣಿಗೆ ಗಾಯ ಮಾಡಿಕೊಂಡು, ಅದರ ನಂಜು ಇನ್ನೊಂದು ಕಣ್ಣಿಗೂ ಏರಿ ಪೂರ್ತಿ ದೃಷ್ಟಿ ಕಳೆದುಕೊಂಡಿತ್ತು. 1821ರಲ್ಲಿ ಸೈನ್ಯದಲ್ಲಿದ್ದ ಚಾರ್ಲ್ಸ್ ಬಾರ್ಬಿಯೆ ತಾನು ಕಲ್ಪಿಸಿದ ಚುಕ್ಕಿಬರಹವನ್ನು ಶಾಲೆಗೆ ತಂದು ತೋರಿಸಿದ. ಅದರಲ್ಲಿ ಒಂದು ಗುರುತಿಗೆ ಹನ್ನೆರಡರವರೆಗೆ ಚುಕ್ಕಿಗಳು; ಬೆರಳ ತುದಿಯಲ್ಲಿ ಒಮ್ಮೆಗೇ ಹಿಡಿಸುವುದಿಲ್ಲ. ಉಚ್ಚಾರವನ್ನಷ್ಟೇ ಹಿಡಿಯುವ ಆ ಬರಹದಲ್ಲಿ ಕಾಗುಣಿತಕ್ಕೆ ಎಡೆಯಿರಲಿಲ್ಲ. ಬ್ರೈಲ್ ಅದನ್ನು ಆರು ಚುಕ್ಕಿಗೆ ಇಳಿಸಿದ. ಆಗ ಅವನಿಗೆ ಹದಿನೈದು ವರ್ಷ. 1829ರಲ್ಲಿ ಅದು ಪುಸ್ತಕವಾಗಿ ಬಂತು.

ಮಾಡಿದ್ದು ಸರಿಯಾಯಿತೇ ಎಂದು ನೋಡಲು ಅವನಿಗೆ ಸಿಕ್ಕವರು ಜೊತೆಯ ಹುಡುಗರೇ. ಗೇಬ್ರಿಯಲ್ ಗೋತಿಯೆ, ಹಿಪೊಲಿತ್ ಕೋಲ್ತಾ ಇಬ್ಬರೂ ಅಂಧರು, ಅವನ ಆಪ್ತರು. ಗೋತಿಯೆ ಸಂಗೀತಗಾರ, ಅಂಥವರಿಗಾಗಿ ಬ್ರೈಲ್ ಅದೇ ಚುಕ್ಕಿಗಳಲ್ಲಿ ಸ್ವರಲಿಪಿಯನ್ನೂ ಕೂಡಿಸಿದ. 1833ರಲ್ಲಿ ಈ ಮೂವರೂ ತಾವು ಕಲಿತ ಶಾಲೆಯಲ್ಲೇ ಉಪಾಧ್ಯಾಯರಾದರು. ಅಂಧ ಮಕ್ಕಳಿಗೆ ಅಂಧ ಗುರುಗಳು ಕಲಿಸುವುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಆಗಿನ ನಿರ್ದೇಶಕ ಪಿನ್ಯೆ ಇವರ ಬೆನ್ನಿಗಿದ್ದ. 1840ರಲ್ಲಿ ಅವನ ಜಾಗಕ್ಕೆ ಬಂದ ದ್ಯುಫೋ ಚುಕ್ಕಿಲಿಪಿಗೆ ತಡೆ ಹಾಕಿದ, ಶಾಲೆಯ ಹಳೆಯ ಪುಸ್ತಕಗಳನ್ನು ಸುಡಿಸಿದ. ಅವನ ಕಡೆಯ ವಾದವೂ ಇತ್ತು. ಅಂಧರಿಗೆ ಬೇರೆ ಲಿಪಿಯಾದರೆ ಅವರು ಲೋಕದಿಂದಲೇ ಬೇರೆಯಾಗುತ್ತಾರೆ. ಎಲ್ಲರ ಅಕ್ಷರವನ್ನೇ ಅವರೂ ಕಲಿಯಲಿ ಎಂಬುದು. ಕೇಳಲು ಒಪ್ಪುವ ಮಾತೇ. ಆದರೆ ಆ ಮಾತನ್ನು ಓದಬೇಕಾದ ಮಕ್ಕಳನ್ನು ಕೇಳಿ ಹೇಳಿದ್ದಲ್ಲ. ಮಕ್ಕಳು ಚುಕ್ಕಿಗಳನ್ನು ಬಿಡಲಿಲ್ಲ. ಕದ್ದುಮುಚ್ಚಿ ಬರೆದರು, ದೊಡ್ಡವರು ಚಿಕ್ಕವರಿಗೆ ಹೇಳಿಕೊಟ್ಟರು. ಅಂಧರಲ್ಲದ ಗ್ವಾದೆ ಎಂಬ ಉಪಾಧ್ಯಾಯರು ಮಕ್ಕಳ ಪರ ನಿಂತು ದ್ಯುಫೋನ ಮನಸ್ಸನ್ನೂ ತಿರುಗಿಸಿದರು. 1844ರಲ್ಲಿ ಶಾಲೆಯ ಹೊಸ ಕಟ್ಟಡದ ಆರಂಭೋತ್ಸವದಲ್ಲಿ ಒಂದು ಮಗು ಹೇಳಿದ್ದನ್ನು ಚುಕ್ಕಿಗಳಲ್ಲಿ ಬರೆಯಿತು. ಆ ಹೊತ್ತಿನಲ್ಲಿ ಹೊರಗಿದ್ದ ಇನ್ನೊಂದು ಮಗು ಒಳಗೆ ಬಂದು ಅದನ್ನು ತಪ್ಪಿಲ್ಲದೆ ಓದಿತು. ಸಭೆಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಬ್ರೈಲ್ ಕ್ಷಯರೋಗದಿಂದ 1852ರ ಜನವರಿ 6ರಂದು ತೀರಿಕೊಂಡ. ವಯಸ್ಸು ನಲವತ್ತಮೂರು. ತೆರೆಯದೆ ಸುಟ್ಟುಬಿಡಿ ಎಂದು ಅವನು ಹೇಳಿ ಹೋದ ಒಂದು ಪೆಟ್ಟಿಗೆಯಿತ್ತು. ಉಳಿದವರು ಕುತೂಹಲ ತಾಳದೆ ತೆರೆದರೆ, ಒಳಗಿದ್ದದ್ದು ಅವನಿಂದ ಸಾಲ ಪಡೆದವರು ಬರೆದುಕೊಟ್ಟ ಚೀಟಿಗಳು. ಬಡ ವಿದ್ಯಾರ್ಥಿಗಳಿಗೆ ಕೊಟ್ಟ ಹಣ ಮರಳಿ ಕೇಳುವವರು ಯಾರೂ ಇರಬಾರದೆಂದು ಆ ಏರ್ಪಾಡು. ಲಿಪಿಯನ್ನು ಕಂಡುಹಿಡಿದದ್ದರಷ್ಟೇ ಈ ಪೆಟ್ಟಿಗೆಯೂ ನನಗೆ ದೊಡ್ಡದಾಗಿ ಕಾಣುತ್ತದೆ.

ಅವನು ಸತ್ತು ಎರಡು ವರ್ಷಕ್ಕೆ, 1854ರಲ್ಲಿ, ಫ್ರಾನ್ಸ್ ಆ ಲಿಪಿಯನ್ನು ಅಧಿಕೃತವಾಗಿ ಒಪ್ಪಿತು. 1878ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವೂ ಅದನ್ನೇ ಎತ್ತಿ ಹಿಡಿಯಿತು. ಅದೇ ಶಾಲೆಯಲ್ಲಿ ಓದಿದ ಅಂಧ ಮಾರಿಸ್ ದ ಲಾ ಸಿಜರಾನ್ 1889ರಲ್ಲಿ ಹಾವಿಯ ಹೆಸರಿನಲ್ಲಿ ಸಂಘವೊಂದನ್ನು ಕಟ್ಟಿದ. ಶಾಲೆ ಮುಗಿಸಿ ಊರೂರಿಗೆ ಚದುರಿದವರು ಒಂಟಿಯಾಗದಂತೆ ನೋಡಿಕೊಂಡದ್ದು ಇಂಥ ಸಂಘಗಳು.

ನಮ್ಮ ದೇಶದಲ್ಲಿ ಒಂದಕ್ಕೊಂದು ಹೊಂದದ ಹಲವು ಬ್ರೈಲ್ ಪದ್ಧತಿಗಳಿದ್ದವು. 1951ರಲ್ಲಿ ಎಲ್ಲ ಭಾಷೆಗಳಿಗೂ ಹೊಂದುವ ಭಾರತಿ ಬ್ರೈಲ್ ರೂಪುಗೊಂಡಿತು. ಕನ್ನಡವೂ ಅದರಲ್ಲಿ ಸೇರಿದೆ. ನಾವು 'ಕಿ' ಬರೆಯಲು ಕಕಾರಕ್ಕೆ ಗುಡಿಸು ಕೊಡುತ್ತೇವೆ. ಅಂಧ ಮಗು 'ಕ' ಬರೆದು ಪಕ್ಕದಲ್ಲೇ 'ಇ' ಬರೆಯುತ್ತದೆ. ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ, ಎಲ್ಲವೂ ಒಂದೇ ಸಾಲು. ಒಂದನೆಯ ತರಗತಿಗೆ ಒತ್ತಕ್ಷರ ಕಲಿಸಿ ಸುಸ್ತಾದ ನನಗೆ ಇದು ಎಷ್ಟು ಅಚ್ಚುಕಟ್ಟು ಅನ್ನಿಸಿತು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಅಕ್ಕನವರಿಗೆ ನಿವೃತ್ತಿಗೆ ಮುಂಚೆಯೇ ಸಕ್ಕರೆ ಕಾಯಿಲೆಯಿಂದ ದೃಷ್ಟಿ ಹೋಯಿತು. ನಾವೆಲ್ಲ ಹಣ್ಣು ತೆಗೆದುಕೊಂಡು ಹೋಗಿ, ಕೈ ಹಿಡಿದು, ಕಣ್ಣೀರು ಹಾಕಿ ಬಂದೆವು. ಅವರು ಮಾತ್ರ ಮೂಲೆ ಬಿಟ್ಟು ಏಳಲಿಲ್ಲ. ಕೆಲವು ದಿನಗಳ ಮೇಲೆ ಹುಟ್ಟಿನಿಂದ ಅಂಧರಾದ ಸಂಗೀತದ ಮೇಷ್ಟ್ರೊಬ್ಬರು ಅವರ ಮನೆಗೆ ಹೋದರು. ಸಮಾಧಾನದ ಮಾತೇ ಆಡಲಿಲ್ಲವಂತೆ. "ಬನ್ನಿ ಅಕ್ಕೋರೆ, ಕಾಫಿ ಬಗ್ಗಿಸೋಣ" ಎಂದರಂತೆ. ಲೋಟ ತುಂಬುತ್ತ ಬಂದಂತೆ ಬೀಳುವ ಸದ್ದು ಹೇಗೆ ಬದಲಾಗುತ್ತದೆ ಎಂದು ಕೇಳಿಸಿ ಕಲಿಸಿದರು. ಮುಂದಿನ ಸಲ ನಾನು ಹೋದಾಗ ಕಾಫಿ ತಂದುಕೊಟ್ಟವರು ಅಕ್ಕನವರೇ. ಒಂದು ಹನಿ ಚೆಲ್ಲಿರಲಿಲ್ಲ.

ಪ್ಯಾರಿಸ್ಸಿನ ಆ ಮಕ್ಕಳು ಒಬ್ಬರಿಗೊಬ್ಬರು ಕೊಟ್ಟುಕೊಂಡದ್ದೂ ಇದನ್ನೇ. ಹಾವಿಯಂಥವರ ಕರುಣೆ ಬಾಗಿಲು ತೆರೆಯಿತು. ಒಳಗೆ ನಡೆದಾಡುವುದನ್ನು ಅವರು ತಮ್ಮತಮ್ಮಲ್ಲೇ ಕಲಿತರು. ಬ್ರೈಲನ ಹೆಸರು ಹೇಳುವಾಗ ನಮ್ಮ ಮಕ್ಕಳಿಗೆ ಗೋತಿಯೆ, ಕೋಲ್ತಾರ ಹೆಸರನ್ನೂ ಒಮ್ಮೆ ಹೇಳಿದರೆ ಪಾಠಕ್ಕೆ ಎರಡು ನಿಮಿಷ ಹೆಚ್ಚಾದೀತು, ಅಷ್ಟೇ.