ಹಳೆಯ ಸೀರೆ, ಹೊಸ ಕೌದಿ: ವಸ್ತ್ರದಾನದ ಒಂದು ವಿಚಾರ

೨೦೧೮ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಜೋಡುಪಾಲ, ಮದೆನಾಡಿನ ಕಡೆ ಗುಡ್ಡಗಳು ಜರಿದಾಗ ಮನೆಮಠ ಕಳೆದುಕೊಂಡ ಅನೇಕರು ಘಟ್ಟವಿಳಿದು ಸುಳ್ಯ ತಾಲ್ಲೂಕಿನ ಪರಿಹಾರ ಶಿಬಿರಗಳನ್ನು ಸೇರಿದರು. ಸುತ್ತಲಿನ ಊರುಗಳಿಂದ ಬಟ್ಟೆಯ ಗಂಟುಗಳು ಹೊರಟವು. ನಾನೂ ಒಂದು ಗಂಟು ಕಟ್ಟಿದೆ. ಜವಳಿ ವ್ಯಾಪಾರದಲ್ಲೇ ಕೂದಲು ನರೆತವನಿಗೆ ಯಾವ ಬಟ್ಟೆ ಎಷ್ಟು ದಿನ ಬಾಳೀತೆಂಬುದು ಬೆರಳ ತುದಿಗೇ ತಿಳಿಯುತ್ತದೆ. ಆದರೂ ಅಂಚು ಹರಿದ, ಮನೆಯಲ್ಲಿ ಯಾರೂ ಮುಟ್ಟದಿದ್ದ ಎರಡು ಹೊದಿಕೆಗಳನ್ನು ಅದರೊಳಗೆ ಮಡಚಿಟ್ಟೆ. ಅದನ್ನು ದಾನವೆನ್ನಬಹುದೇ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಪುತ್ತೂರು, ಸುಳ್ಯ, ಕಡಬದ ಕಡೆಯ ಶ್ರಾವಿಕೆಯರು ಒಂದೆಡೆ ಕೂಡಿ, ಹಳೆಯ ಬಟ್ಟೆಯಿಂದ ಹೊದಿಕೆಗಳನ್ನೂ ಮಕ್ಕಳ ಗೊಂಬೆಗಳನ್ನೂ ಹೊಲಿದು ಕೊಡುವ ಕಾರ್ಯವನ್ನು ಏಕೆ ಕೈಗೊಳ್ಳಬಾರದು ಎಂಬ ಆಲೋಚನೆಗೂ ಅದೇ ಮೂಲ.

ದಾನದ ವಿಧಿ, ಕೊಡುವ ದ್ರವ್ಯ, ದಾತೃ ಮತ್ತು ಪಾತ್ರ, ಇವುಗಳ ವಿಶೇಷದಿಂದ ದಾನದಲ್ಲಿಯೂ ವಿಶೇಷವುಂಟಾಗುವುದೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ತಿಳಿಸುತ್ತದೆ. ನಾವು ಪಾತ್ರಾಪಾತ್ರ ವಿಚಾರವನ್ನು ಬಹಳ ಮಾಡುತ್ತೇವೆ. ದ್ರವ್ಯದ ವಿಚಾರಕ್ಕೆ ಬಂದಾಗ ಮೌನ ವಹಿಸುತ್ತೇವೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ನಮ್ಮ ಮಕ್ಕಳೂ ಬಲ್ಲರು. ಆದರೆ ಆ ಸಾವಿರ ಪ್ರತಿಗಳೂ ಹೊಸದಾಗಿ, ಒಂದೊಂದೂ ಕೈಯಿಂದಲೇ ಬರೆಯಲ್ಪಟ್ಟವು ಎಂಬುದನ್ನು ನೆನೆಯುವವರು ವಿರಳ. ಅತ್ತಿಮಬ್ಬೆಯ ಕೀರ್ತಿಯನ್ನು ೧೦೦೭ರ ಲಕ್ಕುಂಡಿಯ ಶಾಸನವು ಉಳಿಸಿಕೊಟ್ಟಿದೆ. ಪ್ರತಿಗಳನ್ನು ಬರೆದ ಕೈಗಳಾರದೋ!

ಹೊಲಿದ ಕೈಗಳ ಗತಿಯೂ ಹೀಗೆಯೇ. ಕರ್ನಾಟಕದ ಬಯಲುಸೀಮೆಯಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಸಾಲುಹೊಲಿಗೆ ಹಾಕಿ ಕೌದಿ ಮಾಡುವ ಪದ್ಧತಿ ಬಹುಕಾಲದಿಂದ ನಡೆದು ಬಂದಿದೆ. ಇದರ ಒಂದು ವಿಶಿಷ್ಟ ರೂಪ ನಮ್ಮ ನೆರೆಯ ಉತ್ತರ ಕನ್ನಡದಲ್ಲಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಜನರ ಪೂರ್ವಿಕರು ಆಫ್ರಿಕಾ ಖಂಡದಿಂದ ಬಂದವರು, ಬಹುಪಾಲು ಗುಲಾಮರಾಗಿ ತರಲ್ಪಟ್ಟವರು. ಅವರ ಹೆಂಗಸರು ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ ಹೊಲಿಯುವ ಹೊದಿಕೆಗೆ ಕವಂದಿ ಎಂದು ಹೆಸರು. ಮೂಲೆಯೊಂದರಿಂದ ಆರಂಭಿಸಿ, ಅಂಚಿನ ಗುಂಟ ಸುತ್ತುತ್ತ ಮಧ್ಯದ ಕಡೆಗೆ ಹೊಲಿಗೆ ಸಾಗುತ್ತದೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಚಿ 'ಫುಲ' ಎಂಬ ಹೂವನ್ನು ಕೂಡಿಸುತ್ತಾರೆ. ಅದಿಲ್ಲದ ಹೊದಿಕೆ ಬೆತ್ತಲೆಯೆಂದು ಅವರ ಭಾವನೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ ೨೦೦೪ರಲ್ಲಿ ಸಿದ್ದಿ ಮಹಿಳೆಯರ ಸಹಕಾರಿ ಕೂಟವೊಂದು ಏರ್ಪಟ್ಟು, ಈ ಕವಂದಿಗಳು ಪರದೇಶದ ಪ್ರದರ್ಶನಗಳನ್ನೂ ಕಂಡವು. ಕಡು ಬಡತನದಲ್ಲಿ ಮಕ್ಕಳಿಗಾಗಿ ಹೊಲಿದ ಹೊದಿಕೆಯೂ ಹೂವಿಲ್ಲದೆ ಮುಗಿಯದು. ನನ್ನ ಗಂಟಿನಲ್ಲಿದ್ದುದಕ್ಕೆ ಅಂಚೂ ಇರಲಿಲ್ಲ.

ಗೊಂಬೆಯ ವಿಷಯದಲ್ಲಿ ಕೆಲವರು ಶಂಕೆ ವ್ಯಕ್ತಪಡಿಸುವುದುಂಟು. ಜನ್ನನು ೧೨೦೯ರಲ್ಲಿ ಮುಗಿಸಿದ ಯಶೋಧರ ಚರಿತೆಯಲ್ಲಿ ಅರಸನು ಬಲಿಗೊಟ್ಟದ್ದು ಹಿಟ್ಟಿನ ಹುಂಜವನ್ನು. ಆದರೂ ಸಂಕಲ್ಪ ಹಿಂಸೆಯ ಫಲ ತಾಯಿಮಗನನ್ನು ಜನ್ಮಜನ್ಮಾಂತರಗಳಲ್ಲಿ ಬೆನ್ನಟ್ಟಿತು. ಹಾಗಾದರೆ ಪ್ರಾಣಿಯ ಗೊಂಬೆಯನ್ನು ಮಗುವಿನ ಕೈಗೆ ಕೊಡುವುದು ಸರಿಯೇ? ಸರಿಯೆಂದೇ ನನ್ನ ಮತ. ಹಿಟ್ಟಿನ ಹುಂಜದಿಂದ ಕ್ರೌರ್ಯ ಹುಟ್ಟಬಲ್ಲುದಾದರೆ, ಬಟ್ಟೆಯ ಹುಂಜವನ್ನು ತಟ್ಟಿ ಮಲಗಿಸುವ ಮಗುವಿನಲ್ಲಿ ಕರುಣೆಯೂ ಹುಟ್ಟಬಹುದು. ಕಣ್ಣಿನ ಜಾಗಕ್ಕೆ ಗುಂಡಿ ಹೊಲಿಯದೆ ನೂಲಿನಿಂದಲೇ ಕಸೂತಿ ಹಾಕಬೇಕು. ಕಿತ್ತ ಗುಂಡಿಯನ್ನು ಕೂಸು ನುಂಗೀತು. ರೇಷ್ಮೆಯ ತುಂಡು ಬೇಡ. ಗೂಡಿನೊಳಗಿನ ಜೀವ ಬೆಂದು ಬಂದ ನೂಲದು, ಹತ್ತಿಯೇ ಲೇಸು.

ಇನ್ನೊಂದು ಎಚ್ಚರವೂ ಅವಶ್ಯ. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಅಂದಿನ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ ೧೯೮೨ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯ ತರಬೇತಿಗಳಲ್ಲಿ ಹೊಲಿಗೆ ಕಲಿತು, ಅದರಿಂದಲೇ ಒಲೆ ಹೊತ್ತಿಸುವ ಹೆಣ್ಣುಮಕ್ಕಳಿದ್ದಾರೆ. ನಾವು ಬಿಡುವಿನ ವೇಳೆಯಲ್ಲಿ ಹೊಲಿದದ್ದನ್ನು ಅಗ್ಗದ ಬೆಲೆಗೆ ಸಂತೆಗಿಳಿಸಿದರೆ ಅವರ ಅನ್ನಕ್ಕೆ ಕೈ ಹಾಕಿದಂತೆ. ಆದುದರಿಂದ ಹೊಲಿದದ್ದು ಆಸ್ಪತ್ರೆಗೆ, ಅನಾಥಾಲಯಕ್ಕೆ, ನೆರೆಯ ಶಿಬಿರಕ್ಕೆ ಹೋಗಲಿ; ಮಾರಾಟ ಬೇಡ. ಸೂಜಿ, ನೂಲು, ಒಂದು ಕಪಾಟಿನ ಖರ್ಚನ್ನು ಬಸದಿಯ ಆಡಳಿತ ಮಂಡಳಿ ಭರಿಸಿ ಲೆಕ್ಕವಿಟ್ಟರೆ ಸಾಕು.

ಚಾತುರ್ಮಾಸದ ಅಪರಾಹ್ನಗಳು ಇದಕ್ಕೆ ಅನುಕೂಲ. ಆದರೆ ಸೀರೆಗಳನ್ನು ಬೇಸಿಗೆಯಲ್ಲೇ ಒಗೆದು ಒಣಗಿಸಿ ಇಟ್ಟಿರಬೇಕು. ನಮ್ಮ ಕಡೆಯ ಆಷಾಢದಲ್ಲಿ ಕರವಸ್ತ್ರವೂ ಒಣಗದು. ಪದರಗಳು ಮೂರನ್ನು ಮೀರದಿರಲಿ, ದಪ್ಪ ಕೌದಿ ಒಮ್ಮೆ ನೆನೆದರೆ ಬೂಷ್ಟು ಹಿಡಿಯುತ್ತದೆ. ಕತ್ತರಿ ಹಾಕುವ ಮುನ್ನ ಪ್ರತಿಯೊಂದು ಸೀರೆಯನ್ನೂ ಬಿಸಿಲಿಗೆ ಎತ್ತಿ ಹಿಡಿದು ನೋಡಬೇಕು: ಬೆಳಕು ಸೋರುವ ಭಾಗ ನಡುವಿನ ಪದರಕ್ಕೆ, ಗಟ್ಟಿಯಾದ ಸೆರಗು ಹೊರಮೈಗೆ.